ಹಾಜರಿ ಕೂಗುವ ಕಂಪ್ಯೂಟರ್

ಅಕ್ಟೋಬರ್ ತಿಂಗಳ ಸಂಜೆ ಶಿರ್ತಾಡಿಯಲ್ಲಿ ಗುಡುಗು ಶುರುವಾಯಿತೆಂದರೆ ಮನೆಮನೆಗಳಲ್ಲಿ ಟಿ.ವಿ.ಯ ಪ್ಲಗ್ ಕೀಳುವ ಅವಸರ. ಆದರೆ ಶಾಲೆಯ, ಬ್ಯಾಂಕಿನ ಮೂಲೆಯಲ್ಲಿ ಹಗಲಿರುಳು ಮಿನುಗುವ ಪುಟ್ಟ ಪೆಟ್ಟಿಗೆಯೊಂದರ ನೆನಪು ಯಾರಿಗೂ ಆಗುವುದಿಲ್ಲ. ಅದರ ಹೆಸರೂ ‘ಸ್ವಿಚ್’ ಎಂದೇ. ಇದು ದೀಪ ಹಾಕುವ ಸ್ವಿಚ್ ಅಲ್ಲ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಯಾವ ಸಂದೇಶ ಯಾವ ತಂತಿಗೆ ಹೋಗಬೇಕೆಂದು ಅಂಚೆಯಂತೆ ವಿಂಗಡಿಸುವ ಯಂತ್ರ. ಅದು ಕೆಟ್ಟರೆ, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕೊನೆಯ ದಿನ ಬಂದ ಹುಡುಗಿಗೆ ಸಿಗುವ ಉತ್ತರ: ‘ನೆಟ್ ಇಲ್ಲ, ನಾಳೆ ಬಾ.’

ಪೆಟ್ಟಿಗೆ ಕೆಟ್ಟದ್ದು ದೂರದ ಬೆಂಗಳೂರಿನಲ್ಲಿ ಕುಳಿತ ಎಂಜಿನಿಯರಿಗೆ ತಿಳಿಯುವುದು ಹೇಗೆ? ರಾಜ್ಯದ ಸರಕಾರಿ ಕಚೇರಿಗಳನ್ನು ತಾಲೂಕು ಮಟ್ಟದವರೆಗೆ ಜೋಡಿಸುವ ‘ಕೆಸ್ವಾನ್’‌ನಂತಹ ದೊಡ್ಡ ಜಾಲವನ್ನು ದಿನವೂ ಸುತ್ತಿ ನೋಡಲು ಸಾಧ್ಯವೇ? ಇದಕ್ಕೆಂದೇ 1988ರಲ್ಲಿ ಅಮೆರಿಕದ ಜೆಫ್ರಿ ಕೇಸ್ ಮತ್ತು ಮೂವರು ಸಂಗಡಿಗರು ಒಂದು ನಿಯಮಾವಳಿ ಪ್ರಕಟಿಸಿದರು. ಅದೇ ‘ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೊಟೊಕಾಲ್’, ಚಿಕ್ಕದಾಗಿ ಎಸ್‌ಎನ್‌ಎಂಪಿ. ಯಾವ ಕಂಪೆನಿಯ ಪೆಟ್ಟಿಗೆಯಾದರೂ ಒಂದೇ ಭಾಷೆಯಲ್ಲಿ ಉತ್ತರಿಸಬೇಕೆಂಬುದು ಇದರ ಉದ್ದೇಶ.

ಕ್ರಮ ಬಹಳ ಸರಳ. ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗುವಂತೆ, ಕೇಂದ್ರದ ಕಂಪ್ಯೂಟರ್ ಕೆಲವು ನಿಮಿಷಗಳಿಗೊಮ್ಮೆ ಪ್ರತಿ ಸ್ವಿಚ್ಚನ್ನೂ ಪ್ರಶ್ನಿಸುತ್ತದೆ. ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಇದೆ. 1.3.6.1.2.1.1.3.0 ಎಂದರೆ ‘ನೀನು ಎದ್ದು ಎಷ್ಟು ಹೊತ್ತಾಯಿತು?’ ಎಂದರ್ಥ. ಉತ್ತರ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರುತ್ತದೆ; 6,000 ಎಂದರೆ ಒಂದು ನಿಮಿಷ.

ತೊಂದರೆಯಾದಾಗ ಸ್ವಿಚ್ ತಾನಾಗಿಯೇ ಕೂಗುವುದೂ ಉಂಟು. ಅದಕ್ಕೆ ‘ಟ್ರ್ಯಾಪ್’ ಎಂದು ಹೆಸರು. ಹಾಗಾದರೆ ಹಾಜರಿ ಏಕೆ? ಸಿಡಿಲು ಬಡಿದು ಸುಟ್ಟುಹೋದ ಪೆಟ್ಟಿಗೆ ಕೂಗುವುದುಂಟೇ! ಟ್ರ್ಯಾಪ್ ಸಾದಾ ಅಂಚೆಯ ಕಾಗದದಂತೆ. ದಾರಿಯಲ್ಲಿ ಕಳೆದುಹೋದರೂ ಕಳಿಸಿದವರಿಗೆ ಗೊತ್ತಾಗದು. ಎರಡು ಮೂರು ಬಾರಿ ಕರೆದರೂ ‘ಹಾಜರ್’ ಎನ್ನದಿದ್ದರೆ ಆ ಮೌನವೇ ಸುದ್ದಿ. ಆದರೆ ಸತ್ತದ್ದು ಪೆಟ್ಟಿಗೆಯೋ, ತುಂಡಾದದ್ದು ನಡುವಿನ ತಂತಿಯೋ? ದಾರಿಯ ಹಿಂದಿನ ಪೆಟ್ಟಿಗೆಯನ್ನು ಕೇಳಿದರೆ ಸುಳಿವು ಸಿಗುತ್ತದೆ.

ಇದೇ ಭಾಷೆಯಲ್ಲಿ ಸ್ವಿಚ್ಚಿಗೆ ಆಜ್ಞೆಯನ್ನೂ ಕೊಡಬಹುದು. ಅಪಾಯವಿರುವುದು ಇಲ್ಲೇ. ಹಳೆಯ ಆವೃತ್ತಿಗಳಲ್ಲಿ ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಪದಗಳೇ ಅನೇಕ ಯಂತ್ರಗಳ ಗುಪ್ತಪದ. ಅವನ್ನು ಬದಲಿಸದೆ ಬಿಡುವುದು, ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. 2002ರಲ್ಲಿ ಪೂರ್ಣ ಮಾನ್ಯತೆ ಪಡೆದ ಮೂರನೆಯ ಆವೃತ್ತಿಯಲ್ಲಿ ಸಂದೇಶವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುವ ಏರ್ಪಾಡಿದೆ. ಅಗ್ಗದ ಸ್ವಿಚ್ಚುಗಳಿಗೆ ಈ ಭಾಷೆಯೇ ಬಾರದು. ಶಾಲೆಗೆ ಕೊಳ್ಳುವಾಗ ಹೆತ್ತವರು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮಕ್ಕಳಿಗೊಂದು ಲೆಕ್ಕ: ರಾತ್ರಿ ಕರೆಂಟು ಹೋಯಿತು. ಅದು ಬಂದೊಡನೆ ಸ್ವಿಚ್ ಎದ್ದಿತು. ಬೆಳಿಗ್ಗೆ 9 ಗಂಟೆಗೆ ಕೇಳಿದಾಗ ಅದರ ಉತ್ತರ 18,00,000. ಕರೆಂಟು ಬಂದದ್ದು ಎಷ್ಟು ಹೊತ್ತಿಗೆ?

(ಉತ್ತರ: ಬೆಳಗಿನ ಜಾವ 4 ಗಂಟೆಗೆ.)