ರೆಪ್ಲಿಕಾ ಇದ್ದರೆ ಬ್ಯಾಕಪ್ ಇದ್ದಂತೆಯೇ?

ಪ್ರಾಜೆಕ್ಟ್ ವೈವಾದಲ್ಲಿ "ಬ್ಯಾಕಪ್ ಇದೆಯಾ?" ಅಂತ ಕೇಳಿದರೆ ನಾವೆಲ್ಲ ಥಟ್ಟನೆ "ರೆಪ್ಲಿಕಾ ಇದೆ ಸರ್" ಅಂತೀವಿ. ಅದು ಅರ್ಧ ಉತ್ತರ ಅಷ್ಟೇ. ಮುಖ್ಯ ಸರ್ವರ್ ಕೆಟ್ಟರೆ ರೆಪ್ಲಿಕಾ ಕೈಹಿಡಿಯುತ್ತೆ, ನಿಜ. ಆದರೆ ನಾವೇ ಕೈತಪ್ಪಿ ಒಂದು ಟೇಬಲ್ ಅಳಿಸಿದರೆ? ಆ ತಪ್ಪನ್ನೂ ಅದು ಮರುಕ್ಷಣವೇ ನಕಲು ಮಾಡಿಕೊಳ್ಳುತ್ತೆ.

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು 'ವಾಲ್' ಎಂಬ ಲಾಗ್‌ನಲ್ಲಿ ಬರೆಯುತ್ತದೆ. ಸರ್ವರ್ ನಿಲ್ಲಿಸದೆಯೇ ಒಂದು ಪೂರ್ಣ ಪ್ರತಿ ತೆಗೆದು, ಆ ಲಾಗ್‌ಗಳನ್ನು ಬೇರೆ ಕಡೆ ಸತತವಾಗಿ ಕಳಿಸುತ್ತಿದ್ದರೆ, ತಪ್ಪು ನಡೆಯುವ ಮುಂಚಿನ ಕ್ಷಣಕ್ಕೆ ಡೇಟಾವನ್ನು ಮರಳಿ ತರಬಹುದು.

ಅಷ್ಟಕ್ಕೇ ನಿಶ್ಚಿಂತೆ ಬೇಡ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ದಿನವೂ ಆಗಬೇಕಿದ್ದ ಡಂಪ್, ವರ್ಷನ್ ಹೊಂದದೆ ಮೊದಲೇ ಕೆಟ್ಟಿತ್ತು. ಎಚ್ಚರಿಕೆಯ ಮೇಲ್‌ಗಳೂ ತಲುಪಿರಲಿಲ್ಲ. ಕೊನೆಗೆ ಕಾಪಾಡಿದ್ದು ಬೇರೆ ಕೆಲಸಕ್ಕೆಂದು ತೆಗೆದಿದ್ದ, ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್.

"ಫೆಸ್ಟ್ ನೋಂದಣಿ ಆ್ಯಪ್‌ಗೆ ಇಷ್ಟೆಲ್ಲ ಬೇಕಾ?" ಬೇಕು. ದುಡ್ಡು ಕಟ್ಟಿದವರ ಹೆಸರು ಕಾಣೆಯಾದರೆ ಉತ್ತರ ಕೊಡಬೇಕಾದವರು ನಾವೇ. ತಿಂಗಳಿಗೊಮ್ಮೆ ಖಾಲಿ ಮಷೀನ್ ಮೇಲೆ ರಿಸ್ಟೋರ್ ಮಾಡಿ ನೋಡೋಣ. ಆಮೇಲೆ "ಬ್ಯಾಕಪ್ ಇದೆ ಸರ್" ಅನ್ನೋಣ.