ಶಸ್ತ್ರಕ್ರಿಯೆಯ ಬಳಿಕದ ಹೊಣೆ

1998ರ ನವೆಂಬರಿನಲ್ಲಿ ದಿಲ್ಲಿಯಲ್ಲಿ 20 ತಿಂಗಳ ಶಿಶುವೊಂದಕ್ಕೆ ತಂದೆಯ ಯಕೃತ್ತಿನ ಭಾಗವನ್ನು ಜೋಡಿಸಲಾಯಿತು. ಪಿತ್ತನಾಳಗಳು ಮುಚ್ಚಿಹೋಗಿದ್ದ ಆ ಕೂಸು ಬೆಳೆದು ವೈದ್ಯನಾದುದು ಸಂತೋಷದ ಸಂಗತಿಯೇ ಸರಿ.

ಆದರೆ ಶಸ್ತ್ರಕ್ರಿಯೆಯೊಡನೆ ಹೆತ್ತವರ ಹೊಣೆ ಮುಗಿಯದು. ಹೊಸ ಅಂಗವನ್ನು ದೇಹವು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ಮೊದಲಾದ ಔಷಧಗಳನ್ನು ಬಹುಮಟ್ಟಿಗೆ ಜೀವಮಾನವಿಡೀ ಹೊತ್ತು ತಪ್ಪದೆ ಕೊಡಬೇಕು. ಅವು ರೋಗನಿರೋಧ ಶಕ್ತಿಯನ್ನು ಕುಂದಿಸುವುದರಿಂದ ಸಣ್ಣ ಜ್ವರವನ್ನೂ ಅಲಕ್ಷಿಸುವಂತಿಲ್ಲ, ರಕ್ತಪರೀಕ್ಷೆಗಳೂ ತಪ್ಪವು. ಅಂಗವಿತ್ತ ತಂದೆಯಾದರೂ ಕೆಲವು ವಾರ ಭಾರ ಎತ್ತುವಂತಿಲ್ಲ. ಹೋಟೆಲಿನ ದಿನಗೂಲಿಯವನಿಗೆ ಇದು ಸಾಧ್ಯವೆ?

ಶಸ್ತ್ರಕ್ರಿಯೆಗೆಂದು ಚಂದಾ ಎತ್ತುವ ನಮ್ಮ ಸಂಘಗಳು ಮುಂದಿನ ವರ್ಷಗಳ ಔಷಧಕ್ಕೂ, ಮಾಲಿಕರು ಸಂಬಳಸಹಿತ ರಜೆಗೂ ಏರ್ಪಾಡು ಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಉಳಿಸಿದ ಜೀವವನ್ನು ಬೆಳೆಸುವುದೂ ಧರ್ಮವೇ.