ಮೀನು ಸತ್ತ ಮೇಲೆ ನೀರಿನ ಪರೀಕ್ಷೆ

ಪೆರಿಯಾರ್ ನದಿಯ ನೀರು 1895ರಿಂದ ಸುರಂಗದ ಮೂಲಕ ಘಟ್ಟ ದಾಟಿ ತಮಿಳುನಾಡಿನ ಕಂಬಂ ಕಣಿವೆಗೆ ಇಳಿಯುತ್ತಿದೆ. ಅದರ ಅಣೆಕಟ್ಟಿನ ಬಗ್ಗೆ ಎರಡು ಸರಕಾರಗಳು ಸುಪ್ರೀಂ ಕೋರ್ಟಿನವರೆಗೂ ಹೋದುದು ವಾಚಕರಿಗೆ ತಿಳಿದೇ ಇದೆ. ಇಳಿದ ನೀರು ಮುಂದೆ ಯಾವ ಸ್ಥಿತಿಯಲ್ಲಿ ಹರಿಯುತ್ತದೆಂಬ ಬಗ್ಗೆ ಅಷ್ಟೇ ಆಸ್ಥೆಯಿಂದ ವಾದಿಸಿದವರನ್ನು ನಾವು ಕಾಣೆವು.

ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರು ಆ ಕಣಿವೆಯಲ್ಲಿ ನೆಲೆಸಿದ್ದಾರೆ. ಆದುದರಿಂದ ಅದು ನಮಗೆ ತೀರ ಪರಸ್ಥಳವಲ್ಲ. ಉತ್ತಮಪಾಳ್ಯಂ, ಚಿನ್ನಮನೂರುಗಳ ಬಳಿ ಹಾದು, ಗದ್ದೆ ಮತ್ತು ದ್ರಾಕ್ಷಿ ತೋಟಗಳ ನಡುವೆ ಹರಿದು, ತೇನಿಯ ಸಮೀಪ ವೈಗೈಯನ್ನು ಸೇರುವ ನೀರು ಕೊನೆಗೆ 1959ರಲ್ಲಿ ಮುಗಿದ ವೈಗೈ ಜಲಾಶಯದಲ್ಲಿ ನಿಲ್ಲುತ್ತದೆ. ದಾರಿಯಲ್ಲಿ ಸೇರಿದ ಚರಂಡಿ ನೀರು, ಗೊಬ್ಬರ, ಔಷಧಗಳ ಲೆಕ್ಕವನ್ನು ಅಲ್ಲಿಯ ಮೀನು ಕೊಡಬೇಕಾಗುತ್ತದೆ.

ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಪಡಿಸಿದೆ. ಹಗಲಿನಲ್ಲಿ ಪಾಚಿಯು ಬಿಸಿಲಿನ ಬಲದಿಂದ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಕೊಳೆ ಸೇರಿದ ನೀರಿನಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ತಳಮುಟ್ಟಿರುತ್ತದೆ. ಸಿಬ್ಬಂದಿಯವರು ಊಟ ಮುಗಿಸಿ ಮಧ್ಯಾಹ್ನ ಸೀಸೆ ತುಂಬಿಸಿದರೆ ವರದಿ ಸೊಗಸಾಗಿಯೇ ಬರುವುದು. ನಸುಕಿನಲ್ಲಿ ಬಾಯ್ದೆರೆದು ಮೇಲೆ ತೇಲಿದ ಮೀನನ್ನು ಕಂಡ ಬಲೆಗಾರನ ಮಾತಿಗೆ ಆ ವರದಿಯಲ್ಲಿ ಸ್ಥಳವಿಲ್ಲ.

ನೆರೆಯ ದಿಂಡಿಗಲ್ಲಿನ ಕಥೆ ಇನ್ನೂ ಕಹಿ. ಅಲ್ಲಿಯದೂ ಸೇರಿದಂತೆ ತಮಿಳುನಾಡಿನ ಐದು ಜಿಲ್ಲೆಗಳ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ 1996ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಲಾ 10,000 ರೂ. ದಂಡ ವಿಧಿಸಿ, ಕೊಳಚೆ ಶುದ್ಧೀಕರಣದ ವ್ಯವಸ್ಥೆ ಮಾಡಲೇಬೇಕೆಂದಿತು. ಜಲಮಾಲಿನ್ಯ ತಡೆ ಕಾನೂನು ಬಂದುದು 1974ರಲ್ಲಿ! ಇಪ್ಪತ್ತೆರಡು ವರ್ಷ ಯಾರು ಏನನ್ನು ಅಳೆಯುತ್ತಿದ್ದರು? ಹದಕ್ಕೆ ಬಳಸುವ ಕ್ರೋಮಿಯಂ ತಳದ ಕೆಸರಿನಲ್ಲಿ ಕೂರುವುದರಿಂದ ಮೇಲಿನ ನೀರನ್ನಷ್ಟೇ ಪರೀಕ್ಷಿಸಿ ಸುಮ್ಮನಾಗುವಂತಿಲ್ಲ. ಕೆಸರನ್ನೂ, ಮೀನಿನ ಮಾಂಸವನ್ನೂ ನೋಡಬೇಕು.

ಇದನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮೀನಿಗೆ ಅತ್ಯಂತ ಮಾರಕ. ನಮ್ಮ ತೋಡುಗಳ ಮೀನಿನ ಲೆಕ್ಕವನ್ನು ಅಂದೇ ಇಟ್ಟಿದ್ದರೆ ಮನುಷ್ಯರ ಸರದಿ ಬರುವ ಮೊದಲೇ ಎಚ್ಚರವಾಗಬಹುದಿತ್ತು.

ಪಯಸ್ವಿನಿಯೂ ಎರಡು ರಾಜ್ಯಗಳ ಹೊಳೆ. ಕೊಡಗಿನಲ್ಲಿ ಹುಟ್ಟಿ, ಸುಳ್ಯದ ಮೂಲಕ ಬಂದು ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಕರ್ನಾಟಕ ಮತ್ತು ಕೇರಳದ ಮಂಡಳಿಗಳು ಒಂದೇ ದಿನ, ಅದೂ ಸೂರ್ಯೋದಯಕ್ಕೆ ಮುನ್ನ, ಗಡಿಯ ಎರಡೂ ಬದಿಗಳಲ್ಲಿ ನೀರು ತೆಗೆದು ಪರೀಕ್ಷಿಸಲಿ. ಬಂದ ಅಂಕಿಗಳನ್ನು ಹೊಳೆ ಬದಿಯ ಪಂಚಾಯತು ಕಚೇರಿಗಳಲ್ಲಿ ಕನ್ನಡ ಹಾಗೂ ಮಲಯಾಳದಲ್ಲಿ ಬರೆದು ಹಾಕಲಿ. ಬೇಸಿಗೆಯಲ್ಲಿ ಹೊಳೆ ಬತ್ತುವ ಮುನ್ನ ಈ ಕೆಲಸ ಆರಂಭವಾಗಬೇಕು.